ಮಾರಿಸ್ ಮೈನರ್‌ನ ಎಡಗಡೆ ಹೆಡ್‌ಲೈಟ್: ಮಂಕು ಬೆಳಕಿನ ಬೆನ್ನು ಹತ್ತಿದ ನಾಲ್ಕು ವಾರ

ನನ್ನ 1966ರ ಮಾರಿಸ್ ಮೈನರ್ 1000 ಎಂಬ ಹಳೆಯ ಬ್ರಿಟಿಷ್ ಕಾರಿನಲ್ಲಿ ಎಡಗಡೆಯ ಹೆಡ್‌ಲೈಟ್ ಸರಿಯಿಲ್ಲ ಎಂದು ಗೊತ್ತಾದದ್ದು ಒಂದು ರಾತ್ರಿ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿದಾಗ. ಬಲಗಡೆಯ ಬೆಳಕು ಗೋಡೆಯ ಮೇಲೆ ಬೆಳ್ಳಗೆ ಹರಡಿತ್ತು. ಎಡಗಡೆಯದು ಎಣ್ಣೆ ತೀರುತ್ತಿರುವ ಲಾಟೀನಿನ ಹಾಗೆ ಹಳದಿಗಟ್ಟಿತ್ತು. ನೋಡುತ್ತಾ ನಿಂತಂತೆ ಉಳಿದ ದೂರುಗಳೂ ಒಂದೊಂದಾಗಿ ನೆನಪಾದವು. ಗುಂಡಿಯಲ್ಲಿ ಚಕ್ರ ಇಳಿದರೆ ಎರಡೂ ಹೆಡ್‌ಲೈಟ್ ಒಂದು ಕ್ಷಣ ಆರಿ ಮತ್ತೆ ಹೊತ್ತಿಕೊಳ್ಳುತ್ತಿದ್ದವು. ಬಲಗಡೆಯ ಇಂಡಿಕೇಟರ್ ತಾಳ ತಪ್ಪಿತ್ತು. ಪೆಡಲ್ ಜೋರಾಗಿ ಒತ್ತಿದರೆ ಮಾತ್ರ ಬ್ರೇಕ್ ಲೈಟ್ ಬರುತ್ತಿತ್ತು. ಟೈಲ್ ಲ್ಯಾಂಪಿನ ವೈರಿಗೆ ಹಿಂದಿನ ಮಾಲೀಕರು ಸೇರಿಸಿದ್ದ ಫ್ಯೂಸ್ ಎರಡು ವಾರದಲ್ಲಿ ಮೂರು ಸಲ ಸುಟ್ಟಿತ್ತು.

ಮೊದಲು ನಾನು ಕೈ ಹಾಕಿದ್ದು ತಪ್ಪು ಜಾಗಕ್ಕೆ. ಎಡಗಡೆಗೆ ಹೊಸ ಸೀಲ್ಡ್ ಬೀಮ್ (ಗಾಜು, ಫಿಲಮೆಂಟು ಎಲ್ಲ ಒಂದೇ ತುಂಡಾಗಿರುವ ಲ್ಯಾಂಪು) ತಂದು ಹಾಕಿದೆ. ಅದೂ ಹಳದಿಯಾಗಿಯೇ ಉರಿಯಿತು. ಎಡ ಬಲದ ಲ್ಯಾಂಪುಗಳನ್ನು ಅದಲು ಬದಲು ಮಾಡಿ ನೋಡಿದ್ದರೆ ಈ ಖರ್ಚು ಉಳಿಯುತ್ತಿತ್ತು: ಮಂಕು ಲ್ಯಾಂಪಿನ ಜೊತೆ ಹೋದರೆ ಲ್ಯಾಂಪು ಕೆಟ್ಟಿದೆ, ಅದೇ ಜಾಗದಲ್ಲಿ ಉಳಿದರೆ ವೈರಿಂಗ್. ಆಮೇಲೆ ಮಲ್ಟಿಮೀಟರನ್ನು ವೈರು ತುಂಡಾಗಿಲ್ಲದಿದ್ದರೆ ಕೂಗುವ ಬಜರ್‌ಗೆ ಹಾಕಿ, ಲ್ಯಾಂಪಿನಿಂದ ಕಾರಿನ ಲೋಹದ ಮೈಗೆ (ಬಾಡಿಗೆ), ಲ್ಯಾಂಪಿನಿಂದ ಹೈ ಬೀಮ್ ಮತ್ತು ಡಿಪ್ ಬದಲಿಸುವ ಕಾಲಿನ ಸ್ವಿಚ್ಚಾದ ಡಿಪ್ಪರ್‌ಗೆ, ಡಿಪ್ಪರ್‌ನಿಂದ ಸ್ವಿಚ್ಚಿಗೆ ಒಂದೊಂದೇ ತುಂಡು ಪರೀಕ್ಷಿಸಿದೆ. ಎಲ್ಲ ಕಡೆಯೂ ‘ಬೀಪ್’ ಎಂದಿತು. “ವೈರಿಂಗ್ ಸರಿಯಿದೆ” ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ಒಂದು ಸಾಲು ನನ್ನ ಎರಡು ವಾರ ತಿಂದಿತು.

ಬಜರ್ ಯಾಕೆ ದಾರಿ ತಪ್ಪಿಸುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲೇಬೇಕು. ಮೀಟರ್ ಆ ಪರೀಕ್ಷೆಗೆ ಬಳಸುವ ಕರೆಂಟ್ ತೀರಾ ಸಣ್ಣದು, ಮಿಲಿ ಆಂಪಿಯರ್ ಲೆಕ್ಕದ್ದು. ಹಲವು ಮೀಟರ್‌ಗಳಲ್ಲಿ ಹತ್ತಿಪ್ಪತ್ತು ಓಮ್ ಅಡ್ಡಿ ಇದ್ದರೂ ಬಜರ್ ಕೂಗುತ್ತದೆ. ಆದರೆ 45 ವ್ಯಾಟಿನ ಡಿಪ್ ಫಿಲಮೆಂಟ್ 12 ವೋಲ್ಟಿನಲ್ಲಿ ಎಳೆಯುವುದು 3.75 ಆಂಪಿಯರ್. ಅದರ ದಾರಿಯಲ್ಲಿ ಅರ್ಧ ಓಮ್ ಕೂತರೂ ಒಂದೂವರೆ ವೋಲ್ಟಿಗಿಂತ ಹೆಚ್ಚು ಅಲ್ಲೇ ಕರಗಿಹೋಗುತ್ತದೆ. ಓಮ್ ಅಳತೆಗೆ ಹಾಕಿದರೂ ಈ ಅರ್ಧ ಓಮ್ ಕಣ್ಣಿಗೆ ಬೀಳುವುದು ಕಷ್ಟ. ಮೀಟರಿನ ಪ್ರೋಬ್ ವೈರುಗಳದ್ದೇ ಕಾಲು ಓಮ್ ಇರುತ್ತದೆ, ಅದರ ನಡುವೆ ಇದೂ ಮರೆಯಾಗುತ್ತದೆ. ಕಸ ಕಟ್ಟಿದ ಪೈಪಿನಲ್ಲಿ ನೀರು ತೊಟ್ಟಿಕ್ಕುತ್ತದೆ, ಕೊಡ ಮಾತ್ರ ತುಂಬುವುದಿಲ್ಲ. ಲ್ಯಾಂಪಿನ ಪ್ಲಗ್ ಕಿತ್ತು ಅದರಲ್ಲಿ ವೋಲ್ಟೇಜ್ ನೋಡುವುದೂ ಇದೇ ಬಗೆಯ ಮೋಸ. ಕರೆಂಟ್ ಹರಿಯದಿದ್ದಾಗ ಎಂಥ ಕಿಲುಬು ಹಿಡಿದ ಜಾಯಿಂಟಿನ ಆಚೆಗೂ ಬ್ಯಾಟರಿಯ ಪೂರ್ತಿ ವೋಲ್ಟೇಜ್ ಕಾಣುತ್ತದೆ.

ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಅಳೆಯುವುದೆಂದು ನಿರ್ಧರಿಸಿದೆ. ಈ ಸಲ ದೀಪ ಉರಿಯುತ್ತಿರುವಾಗಲೇ, ಎಲ್ಲ ಕನೆಕ್ಷನ್ ಇದ್ದ ಹಾಗೆಯೇ, ವೋಲ್ಟ್ ಎಲ್ಲಿ ಸೋರುತ್ತಿದೆ ಎಂದು ನೋಡುವುದು.

ಅಳತೆಗೆ ಮುಂಚೆ

ಕಾರಿನಲ್ಲಿ ಲೋಹದ ಬಾಡಿಯೇ ದೀಪಗಳ ಸರ್ಕ್ಯೂಟು ಪೂರ್ತಿ ಮಾಡುವ ದಾರಿ, ಅದೇ ಅರ್ತ್. ಈ ಕಾರು ಪಾಸಿಟಿವ್ ಅರ್ತ್. ಬ್ಯಾಟರಿಯ ಪ್ಲಸ್ ಬಾಡಿಗೆ, ಮೈನಸ್ ಸ್ವಿಚ್ಚುಗಳ ಕಡೆಗೆ. ಇಂದಿನ ಕಾರಿನ ಅಭ್ಯಾಸದಲ್ಲಿ ಕೈ ಇಟ್ಟರೆ ಎಲ್ಲ ತಲೆಕೆಳಗಾಗುತ್ತದೆ. ಮೀಟರಿನ ಕೆಂಪು ಪ್ರೋಬ್ ಬಾಡಿಗೆ, ಕಪ್ಪು ಪ್ರೋಬ್ ವೈರಿಗೆ ಹಿಡಿದರೆ ಅಂಕಿ ನೇರವಾಗಿ ಬರುತ್ತದೆ. ಮಾಮೂಲಿ ಬಲ್ಬಿಗೆ ಯಾವ ಕಡೆಯಿಂದ ಕರೆಂಟ್ ಬಂದರೂ ಒಂದೇ. ಎಲ್‌ಇಡಿ ಬಲ್ಬು, ಎಲೆಕ್ಟ್ರಾನಿಕ್ ಫ್ಲಾಶರ್, ಒಳಗೆ ಡಯೋಡ್ ಇರುವ ರಿಲೇ ಇವುಗಳಿಗೆ ಹಾಗಲ್ಲ. ಹಳೆಯ ಕಾರು ಕೊಂಡವರು ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ಎಂದು ಕಣ್ಣಾರೆ ನೋಡಿಕೊಳ್ಳಬೇಕು. ಇಂಥ ಕಾರುಗಳನ್ನು ನಡುವೆ ಯಾರಾದರೂ ನೆಗೆಟಿವ್ ಅರ್ತ್‌ಗೆ ಬದಲಿಸಿರುವುದು ಸಾಮಾನ್ಯ.

ಇನ್ನೊಂದು ಎಚ್ಚರ. ಈ ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಇರುವುದು ಎರಡೇ ಫ್ಯೂಸ್. ಹೆಡ್‌ಲೈಟ್ ಸರ್ಕ್ಯೂಟು ಅವೆರಡರಲ್ಲಿ ಯಾವುದರ ಮೂಲಕವೂ ಹೋಗುವುದಿಲ್ಲ. ಬ್ಯಾಟರಿ ಕಡೆಯಿಂದ ಬರುವ ಕಂದು ಬಣ್ಣದ ವೈರು ಕೀಲಿ ತೆಗೆದಿದ್ದರೂ ಜೀವಂತ, ಅದಕ್ಕೆ ಕಾವಲಿಲ್ಲ. ಸ್ಪ್ಯಾನರ್ ಜಾರಿ ಬಾಡಿಗೆ ತಾಗಿದರೆ ವೈರು ಕೆಂಪಗೆ ಕಾದು, ಪಕ್ಕದ ವೈರುಗಳನ್ನೂ ಸುಡುತ್ತದೆ. ಆದ್ದರಿಂದ ಅಳೆಯುವ ಹೊತ್ತು ಬಿಟ್ಟು, ಕಿತ್ತು ಜೋಡಿಸುವ ಯಾವ ಕೆಲಸಕ್ಕೂ ಮೊದಲು ಬ್ಯಾಟರಿಯ ಬಾಡಿ ಕಡೆಯ ಟರ್ಮಿನಲ್ ಬಿಚ್ಚಿದೆ. ಬಾಡಿ ಕಡೆಯದೇ ಮೊದಲು ಏಕೆಂದರೆ, ಆ ನಟ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಕೈಯ ಉಂಗುರ, ಗಡಿಯಾರ ಕೂಡ ತೆಗೆದಿಟ್ಟೆ.

ವೈರಿನ ಬಣ್ಣಗಳು ಈ ಕಾಲದ ಬ್ರಿಟಿಷ್ ಕಾರುಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಪದ್ಧತಿಯಲ್ಲಿವೆ, ಅದು ದೊಡ್ಡ ಉಪಕಾರ. ನೀಲಿ ಲೈಟ್ ಸ್ವಿಚ್ಚಿನಿಂದ ಡಿಪ್ಪರ್‌ಗೆ. ನೀಲಿಯ ಮೇಲೆ ಕೆಂಪು ಗೆರೆ ಡಿಪ್, ನೀಲಿಯ ಮೇಲೆ ಬಿಳಿ ಗೆರೆ ಹೈ ಬೀಮ್. ಕೆಂಪು ಸೈಡ್ ಮತ್ತು ಟೈಲ್ ಲ್ಯಾಂಪು. ಹಸಿರು ನೇರಳೆ ಬ್ರೇಕ್ ಲೈಟು, ಹಸಿರು ಕೆಂಪು ಎಡ ಇಂಡಿಕೇಟರ್, ಹಸಿರು ಬಿಳಿ ಬಲ ಇಂಡಿಕೇಟರ್. ಕಪ್ಪು ಎಂದರೆ ಅರ್ತ್. ಐವತ್ತು ವರ್ಷದ ಧೂಳು, ಎಣ್ಣೆ ಕುಡಿದು ಎಲ್ಲವೂ ಒಂದೇ ಮಣ್ಣಿನ ಬಣ್ಣವಾಗಿತ್ತು. ಟೇಪನ್ನು ಎರಡು ಇಂಚು ಬಿಚ್ಚಿ ಒಳಗಿನ ಭಾಗ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಿಜವಾದ ಬಣ್ಣ ಕಾಣುತ್ತದೆ. ಹೊರಗಿನ ಬಣ್ಣ ನಂಬಿ ವೈರು ಕತ್ತರಿಸಬಾರದು.

ಅಂಕಿಗಳು

ಎಂಜಿನ್ ಆಫ್, ಡಿಪ್ ಆನ್. ಬ್ಯಾಟರಿಯ ಎರಡು ಕಂಬಗಳ ನಡುವೆ 12.2 ವೋಲ್ಟ್. ಬಲಗಡೆ ಲ್ಯಾಂಪಿನ ಹಿಂಭಾಗದ ಟರ್ಮಿನಲ್‌ಗಳಲ್ಲಿ 11.0. ಎಡಗಡೆ 9.3.

ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರ ಪ್ರಮಾಣದಲ್ಲಿ ಇಳಿಯುವುದಿಲ್ಲ, ಸುಮಾರು 3.4ನೇ ಘಾತದ ಲೆಕ್ಕದಲ್ಲಿ ಕುಸಿಯುತ್ತದೆ. 12 ವೋಲ್ಟಿನ ಬೆಳಕನ್ನು ನೂರು ಎಂದುಕೊಂಡರೆ 9.3 ವೋಲ್ಟಿನಲ್ಲಿ ಉಳಿಯುವುದು 42ರ ಆಸುಪಾಸು. ನಾನು ಒಳ್ಳೆಯದೆಂದು ನಂಬಿದ್ದ ಬಲಗಡೆಯ ಲ್ಯಾಂಪು ಕೂಡ 11 ವೋಲ್ಟಿನಲ್ಲಿ ಕಾಲು ಭಾಗ ಬೆಳಕು ಕಳೆದುಕೊಂಡಿತ್ತು. ಅದು ಬೆಳ್ಳಗೆ ಕಂಡದ್ದು ಪಕ್ಕದ್ದು ಅಷ್ಟು ಮಂಕಾಗಿದ್ದರಿಂದ.

ಈಗ ಎಡಗಡೆಯ 2.9 ವೋಲ್ಟ್ ಎಲ್ಲಿ ಹೋಯಿತು ಎಂದು ಹುಡುಕಬೇಕು. ಇದಕ್ಕೆ ಉದ್ದನೆಯ ಒಂದು ವೈರಿಗೆ ಎರಡೂ ತುದಿಯಲ್ಲಿ ಮೊಸಳೆ ಕ್ಲಿಪ್ ಹಾಕಿ, ಒಂದು ತುದಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೆ ಕಚ್ಚಿಸಿ, ಇನ್ನೊಂದನ್ನು ಮೀಟರಿನ ಒಂದು ಪ್ರೋಬಿಗೆ ಕೊಟ್ಟೆ. ಟರ್ಮಿನಲ್ಲಿನ ಹಿಡಿಕೆಗಲ್ಲ, ಸೀಸದ ಕಂಬಕ್ಕೇ ಕಚ್ಚಿಸಬೇಕು. ಕೆಲವೊಮ್ಮೆ ದೋಷ ಅವೆರಡರ ನಡುವೆಯೇ ಇರುತ್ತದೆ. ಇನ್ನೊಂದು ಪ್ರೋಬನ್ನು ಲ್ಯಾಂಪಿನ ಕಪ್ಪು ವೈರಿನ ಟರ್ಮಿನಲ್‌ಗೆ ಮುಟ್ಟಿಸಿದೆ. ಆರೋಗ್ಯವಾಗಿರುವ ಅರ್ತ್‌ನಲ್ಲಿ ಇಲ್ಲಿ 0.1, ಬಹಳವೆಂದರೆ 0.2 ಬರಬೇಕು. ಬಂದದ್ದು 1.6.

ಅಂದರೆ ಸೋರಿಕೆಯ ಅರ್ಧಕ್ಕಿಂತ ಹೆಚ್ಚು ಅರ್ತ್ ಕಡೆಯೇ ಇತ್ತು. ವೈರು ಹಿಡಿದು ಹಿಂದಕ್ಕೆ ಬಂದೆ. ಕಪ್ಪು ವೈರು ಗ್ರಿಲ್ಲಿನ ಹಿಂದೆ ಒಂದು ಬುಲೆಟ್ ಕನೆಕ್ಟರ್ (ವೈರಿನ ಗುಂಡಿನಾಕಾರದ ತುದಿ ಕೊಳವೆಯೊಳಗೆ ಕೂರುವ ಜೋಡಣೆ) ಹೊಕ್ಕು, ಅಲ್ಲಿಂದ ಒಂದು ರಿಂಗ್ ಟ್ಯಾಗ್ ಮೂಲಕ ಸ್ಕ್ರೂವಿನಲ್ಲಿ ಬಾಡಿ ಸೇರುತ್ತದೆ. ಬುಲೆಟ್ ದಾಟಿದ ಮೇಲೆ 1.2, ಸ್ಕ್ರೂವಿನ ಪಕ್ಕದ ಬಾಡಿ ತಗಡನ್ನು ಕೆರೆದು ಮುಟ್ಟಿಸಿದಾಗ 0.1. ಬುಲೆಟ್ಟಿನಲ್ಲಿ 0.4, ಆ ಒಂದು ಸ್ಕ್ರೂವಿನಲ್ಲಿ 1.1. ಟಾರ್ಚ್ ಬಿಟ್ಟು ನೋಡಿದೆ. ಟ್ಯಾಗ್ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು, ಕೈಯಲ್ಲಿ ಅಲ್ಲಾಡಿಸಿದರೆ ಅಲುಗುತ್ತಿರಲಿಲ್ಲ. ಬಿಚ್ಚಿ ತಿರುವಿ ಹಾಕಿದಾಗ ಅಡಿಯಲ್ಲಿ ತುಕ್ಕು ಬಿಸ್ಕತ್ತಿನ ಪದರದ ಹಾಗೆ ಎದ್ದು ಬಂತು.

ಸ್ವಿಚ್ ಕಡೆಯ ಲೆಕ್ಕ ಹೀಗಿತ್ತು: ಲೈಟ್ ಸ್ವಿಚ್ಚಿನ ಒಳಗೆ 0.25, ಡಿಪ್ಪರ್ ಮತ್ತು ಅದಕ್ಕೆ ಬರುವ ವೈರಿನ ತುದಿ ಸೇರಿ 0.6, ಉಳಿದ ವೈರುಗಳ ಉದ್ದದಲ್ಲಿ 0.15. ಈ ಒಂದು ವೋಲ್ಟ್ ಎರಡೂ ಲ್ಯಾಂಪಿಗೆ ಸಮಾನ. ಎಡಗಡೆಗೆ ಮಾತ್ರ ಹೋಗುವ ಬುಲೆಟ್ ಕನೆಕ್ಟರಿನಲ್ಲಿ ಇನ್ನೊಂದು 0.3. ಎಲ್ಲ ಕೂಡಿಸಿದರೆ 1.0, 0.3, 1.6, ಒಟ್ಟು 2.9. ಕೂಡಿಸಿದ್ದು ಮತ್ತು ಕಳೆದುಹೋದದ್ದು ತಾಳೆಯಾದ ಆ ಸಂಜೆ ನನಗಾದ ಸಮಾಧಾನ ದೊಡ್ಡದು. ಇಷ್ಟು ದಿನ ದೆವ್ವದ ಹಾಗೆ ಕಾಡಿದ್ದು ಈಗ ಐದು ಜಾಗಗಳ ಪಟ್ಟಿಯಾಗಿತ್ತು.

ಕಿಲುಬಿನ ಕೆಲಸ

ಅರ್ತ್ ಸ್ಕ್ರೂವಿನ ಸುತ್ತ ಎಮರಿ ಪೇಪರಿನಲ್ಲಿ ಉಜ್ಜಿ, ಟ್ಯಾಗಿನ ಅಗಲದಷ್ಟು ತಗಡನ್ನು ಬೆಳ್ಳಿಯ ಹಾಗೆ ಹೊಳೆಸಿದೆ. ಹೊಸ ಟ್ಯಾಗ್, ಹೊಸ ಸ್ಕ್ರೂ, ಹಲ್ಲಿರುವ ವಾಷರ್. ಬಿಗಿದ ಮೇಲೆ ಮೇಲಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದೆ. ಬಿಗಿಯುವ ಮೊದಲು ಪೇಂಟ್ ಹಚ್ಚುವ ಕೆಲವರನ್ನು ಕಂಡಿದ್ದೇನೆ. ಮೊದಲು ಲೋಹಕ್ಕೆ ಲೋಹ ಕಚ್ಚಬೇಕು, ರಕ್ಷಣೆ ಆಮೇಲೆ.

ಬುಲೆಟ್ ಕನೆಕ್ಟರುಗಳ ಬಗ್ಗೆ ನನಗೆ ಈಗ ಗಟ್ಟಿ ಅಭಿಪ್ರಾಯವಿದೆ. 4.7 ಮಿಲಿಮೀಟರಿನ ಆ ಹಿತ್ತಾಳೆ ಗುಂಡು, ಅದನ್ನು ಹಿಡಿಯುವ ರಬ್ಬರ್ ಹೊದ್ದ ಕೊಳವೆ, ಇವು ಒಳ್ಳೆಯ ಜೋಡಿ. ಕೆಡುವುದು ಹೆಚ್ಚಾಗಿ ಕೊಳವೆ. ನೀರು ಇಳಿದರೆ ಅದು ರಬ್ಬರಿನ ಒಳಗೇ ತುಕ್ಕು ಹಿಡಿದು ಹಿಡಿತ ಬಿಡುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಸ್ವಚ್ಛ ಮಾಡುವ ಗೋಜಿಗೆ ಹೋಗದೆ ಗ್ರಿಲ್ಲಿನ ಹಿಂದಿನ ಎಲ್ಲ ಕೊಳವೆಗಳನ್ನೂ ಹೊಸದಕ್ಕೆ ಬದಲಿಸಿದೆ. ಗುಂಡುಗಳನ್ನು ಮಾತ್ರ ಉಜ್ಜಿ, ತೆಳುವಾಗಿ ಗ್ರೀಸ್ ಸವರಿ, ‘ಟಕ್’ ಎಂದು ಕೂರುವವರೆಗೆ ಒತ್ತಿದೆ. ಕೈಯಲ್ಲಿ ಒತ್ತಿದರೆ ಪೂರ್ತಿ ಕೂರುವುದಿಲ್ಲ, ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ ಒತ್ತಬೇಕು.

ಎರಡು ವೈರುಗಳ ತಾಮ್ರ ಒಳಗೆ ಕಪ್ಪಗಾಗಿತ್ತು. ಕಪ್ಪಾದ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಹಿಡಿದಂತೆ ಕಂಡರೂ ಮೇಲೆ ಮೇಲೆ ಕೂತಿರುತ್ತದೆ. ಹೊಳೆಯುವ ತಾಮ್ರ ಸಿಗುವವರೆಗೆ ಹಿಂದಕ್ಕೆ ಕತ್ತರಿಸುತ್ತಾ ಹೋದೆ. ಒಂದರಲ್ಲಿ ಮೂರು ಇಂಚಿಗೆ ಸಿಕ್ಕಿತು. ಇನ್ನೊಂದರಲ್ಲಿ ಸಿಗಲೇ ಇಲ್ಲ, ಆ ವೈರನ್ನು ಇಡಿಯಾಗಿ ಬದಲಿಸಿದೆ.

ಗುಂಡಿಯಲ್ಲಿ ಆರುವ ದೀಪ

ಕ್ಲಚ್ ಪೆಡಲಿನ ಎಡಕ್ಕೆ ನೆಲದ ಮೇಲೆ ಕಾಲಿನ ಡಿಪ್ಪರ್ ಇದೆ. ಒದ್ದೆ ಚಪ್ಪಲಿ, ಮಣ್ಣು, ಎಲ್ಲಕ್ಕೂ ಅದೇ ಮೊದಲ ಗುರಿ. ಹೆಡ್‌ಲೈಟ್ ಕ್ಷಣಕಾಲ ಆರುವ ದೋಷ ಎರಡೂ ಲ್ಯಾಂಪಿಗೆ ಒಟ್ಟಿಗೇ ಆಗುತ್ತಿದ್ದುದರಿಂದ, ದಾರಿ ಕವಲೊಡೆಯುವ ಮೊದಲೇ ಅದು ಇರಬೇಕು: ಸ್ವಿಚ್, ನೀಲಿ ವೈರು ಅಥವಾ ಡಿಪ್ಪರ್. ಸೈಡ್ ಲ್ಯಾಂಪು ಆರುತ್ತಿರಲಿಲ್ಲ, ಆದ್ದರಿಂದ ಸ್ವಿಚ್ಚಿಗೆ ಬರುವ ಕಂದು ವೈರು ಸರಿಯಿತ್ತು. ಇಷ್ಟು ಕುಳಿತಲ್ಲೇ ತಿಳಿಯುತ್ತದೆ. ಯಾವುದು ಜೊತೆಗೆ ಆರುತ್ತದೆ, ಯಾವುದು ಆರುವುದಿಲ್ಲ ಎಂದು ಗಮನಿಸುವುದು ಮೀಟರಿಗಿಂತ ಮೊದಲಿನ ಸಾಧನ.

ಬಂದು ಹೋಗುವ ದೋಷ ಹುಡುಕಲು ಮೀಟರನ್ನು ಗರಿಷ್ಠ ಅಂಕಿ ಹಿಡಿದಿಡುವ ಕ್ರಮಕ್ಕೆ ಹಾಕಿ, ಒಂದು ಪ್ರೋಬನ್ನು ನೀಲಿ ವೈರಿನ ಸ್ವಿಚ್ ಕಡೆಯ ತುದಿಗೆ, ಇನ್ನೊಂದನ್ನು ಡಿಪ್ಪರಿನ ಆಚೆ ಬದಿಗೆ ಕ್ಲಿಪ್ ಮಾಡಿ, ಹೆಡ್‌ಲೈಟ್ ಹಾಕಿ, ಮರದ ಕೋಲಿನಿಂದ ಒಂದೊಂದೇ ಜಾಗವನ್ನು ತಟ್ಟುತ್ತಾ ಬಂದೆ. ಡಿಪ್ಪರ್ ತಟ್ಟಿದಾಗ ಏನಿಲ್ಲ. ನೀಲಿ ವೈರನ್ನು ಟರ್ಮಿನಲ್ಲಿನಿಂದ ಒಂದು ಇಂಚು ದೂರದಲ್ಲಿ ತಟ್ಟಿದಾಗ ಅಂಕಿ ಒಮ್ಮೆಲೇ 12ಕ್ಕೆ ಹಾರಿತು, ದೀಪ ಆರಿತು. ಆ ಜಾಗವನ್ನು ಬ್ಲೇಡಿನಿಂದ ಸೀಳಿ ನೋಡಿದೆ. 28 ಎಳೆಯ ವೈರಿನಲ್ಲಿ ಎಲ್ಲ ಎಳೆಗಳೂ ತುಂಡಾಗಿದ್ದವು! ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಹರಿಯದೆ ಉಳಿದು, ಮುರಿದ ತುದಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದಿತ್ತು. ಬಜರ್ ‘ಬೀಪ್’ ಎಂದದ್ದು ಇದಕ್ಕೇ. ಡಿಪ್ಪರನ್ನು ನೆಲಕ್ಕೆ ಹಿಡಿಯುವ ಎರಡು ಸ್ಕ್ರೂಗಳಲ್ಲಿ ಒಂದು ಇರಲಿಲ್ಲ. ಕಾಲಿನಿಂದ ಒತ್ತಿದಾಗಲೆಲ್ಲ ಡಿಪ್ಪರ್ ಓಲಾಡಿ, ವೈರು ಒಂದೇ ಜಾಗದಲ್ಲಿ ಮಡಚಿ ಮಡಚಿ ಮುರಿದಿತ್ತು.

ವೈರಿನ ತುದಿ ಹೊಸದಾಗಿ ಕಟ್ಟಿ, ಕಳೆದ ಸ್ಕ್ರೂ ಹಾಕಿ, ವೈರಿಗೆ ಸ್ವಲ್ಪ ಸಡಿಲ ಬಿಟ್ಟು ಕ್ಲಿಪ್ ಮಾಡಿದೆ. ಡಿಪ್ಪರಿನ ಒಳಗೆ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಐವತ್ತು ಸಲ ಒತ್ತಿದೆ. 0.6 ಇದ್ದದ್ದು 0.15ಕ್ಕೆ ಇಳಿಯಿತು. ಲೈಟ್ ಸ್ವಿಚ್ಚಿಗೂ ಅದೇ ಉಪಚಾರ, ಅದು 0.1 ಆಯಿತು. ಮತ್ತೆ ಗೋಡೆಯೆದುರು ನಿಲ್ಲಿಸಿ ಅಳೆದಾಗ ಬಲಗಡೆ 11.7, ಎಡಗಡೆ 11.65. ಎರಡರ ಬೆಳಕೂ ಒಂದೇ ಬಣ್ಣ.

ರಿಲೇ ಹಾಕಿದ್ದು

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೂ ಹೆಡ್‌ಲೈಟಿನ ಅಷ್ಟೂ ಕರೆಂಟ್ ಐವತ್ತು ವರ್ಷದ ಸ್ವಿಚ್ಚಿನಲ್ಲಿ ಹರಿಯುವುದು, ಅದಕ್ಕೆ ಫ್ಯೂಸ್ ಇಲ್ಲದಿರುವುದು ಮನಸ್ಸಿಗೆ ಒಪ್ಪಲಿಲ್ಲ. ಹೈ ಬೀಮಿನಲ್ಲಿ 60 ವ್ಯಾಟಿನ ಎರಡು ಫಿಲಮೆಂಟು ಎಂದರೆ 10 ಆಂಪಿಯರ್. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಎರಡು ರಿಲೇ ಹಾಕಿದೆ, ಡಿಪ್‌ಗೊಂದು, ಹೈ ಬೀಮಿಗೊಂದು. ಈಗ ಹಳೆಯ ಸ್ವಿಚ್ಚು, ಡಿಪ್ಪರಿನಲ್ಲಿ ಹರಿಯುವುದು ರಿಲೇ ಕಾಯಿಲ್ ಎಳೆಯುವ ಸುಮಾರು 0.15 ಆಂಪಿಯರ್ ಮಾತ್ರ.

ರಿಲೇಯ 30ನೇ ಕಾಲಿಗೆ ಸ್ಟಾರ್ಟರ್ ಸೊಲೆನಾಯ್ಡಿನ ಬ್ಯಾಟರಿ ಕಡೆಯ ಬೋಲ್ಟಿನಿಂದ ದಪ್ಪ ವೈರು. 87ರಿಂದ ಎರಡು ಫ್ಯೂಸ್, ಅಲ್ಲಿಂದ ಒಂದೊಂದು ಲ್ಯಾಂಪಿಗೆ ಒಂದೊಂದು ವೈರು. 86ಕ್ಕೆ ಡಿಪ್ಪರಿನಿಂದ ಬರುತ್ತಿದ್ದ ಹಳೆಯ ವೈರು, 85 ಬಾಡಿಗೆ. ಪ್ರತಿ ಲ್ಯಾಂಪಿಗೂ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಕೊಟ್ಟದ್ದು ಬೇಕೆಂದೇ. ಎರಡಕ್ಕೂ ಒಂದೇ ಫ್ಯೂಸ್ ಇಟ್ಟು ಅದು ರಾತ್ರಿ ತಿರುವಿನಲ್ಲಿ ಸುಟ್ಟರೆ ಕತ್ತಲೆ ಪೂರ್ತಿ. ರಿಲೇಗಳನ್ನು ಸೊಲೆನಾಯ್ಡಿನ ಪಕ್ಕದಲ್ಲೇ ಕೂರಿಸಿದ್ದರಿಂದ ಫ್ಯೂಸಿಲ್ಲದ ವೈರು ಒಂದು ಗೇಣು ಮಾತ್ರ, ಅದಕ್ಕೂ ತೋಳು ತೊಡಿಸಿದ್ದೇನೆ. ಪಾಸಿಟಿವ್ ಅರ್ತ್ ಇರುವವರು ಒಂದು ವಿಷಯ ನೋಡಿಕೊಳ್ಳಬೇಕು: ಕೆಲವು ರಿಲೇಗಳಲ್ಲಿ ಕಾಯಿಲಿಗೆ ಅಡ್ಡಲಾಗಿ ಡಯೋಡ್ ಇರುತ್ತದೆ, ರಿಲೇಯ ಮೈಮೇಲಿನ ಚಿತ್ರದಲ್ಲಿ ಅದನ್ನು ಬರೆದಿರುತ್ತಾರೆ. ಅದನ್ನು ಉಲ್ಟಾ ಕೊಟ್ಟರೆ ಡಯೋಡ್ ಮೂಲಕ ನೇರ ಶಾರ್ಟ್. ನಾನು ಡಯೋಡ್ ಇಲ್ಲದ್ದನ್ನೇ ಆರಿಸಿದೆ. ರಿಲೇ ಆದ ಮೇಲೆ ಬ್ಯಾಟರಿ 12.2 ಇದ್ದಾಗ ಎರಡೂ ಲ್ಯಾಂಪಿನಲ್ಲಿ 12.0.

ಕಿಲುಬು ತೆಗೆಯದೆ ನೇರ ರಿಲೇ ಹಾಕಿದ್ದರೆ ಸ್ವಿಚ್ ಕಡೆಯ ಸೋರಿಕೆ ನಿಲ್ಲುತ್ತಿತ್ತು, ಅರ್ತ್ ಕಡೆಯ 1.6 ಹಾಗೆಯೇ ಇರುತ್ತಿತ್ತು. ರಿಲೇ ಕಿಟ್ ಕೊಂಡು ‘ಏನೂ ಫರಕಾಗಲಿಲ್ಲ’ ಎನ್ನುವವರು ಅರ್ತ್ ಅಳೆದು ನೋಡಲಿ ಎಂಬುದು ನನ್ನ ಕಳಕಳಿಯ ಮಾತು.

ಹಿಂದುಗಡೆ

ಹಿಂದಿನ ದೋಷ ಕಂಡುಹಿಡಿದದ್ದು ನನ್ನ ಮಗಳು. ನಾನು ಸ್ಟಿಯರಿಂಗ್ ಹಿಂದೆ ಕೂತು ಒಂದೊಂದೇ ಸ್ವಿಚ್ ಹಾಕುತ್ತಿದ್ದೆ, ಅವಳು ಹಿಂದೆ ನಿಂತು ಹೇಳುತ್ತಿದ್ದಳು. ಬಲ ಇಂಡಿಕೇಟರ್ ಹಾಕಿದಾಗ, “ಅಪ್ಪಾ, ಹಳದಿ ದೀಪ ಹೊತ್ತಿದಾಗೆಲ್ಲ ಕೆಂಪು ದೀಪ ಸಣ್ಣ ಆಗ್ತಿದೆ. ಹಳದಿ ಆರಿದ್ರೆ ಇದು ದೊಡ್ಡ ಆಗುತ್ತೆ,” ಎಂದಳು. “ಎಡಗಡೆಯೂ ಹಾಗೇನಾ?” “ಇಲ್ಲ, ಅದು ಸುಮ್ಮನಿದೆ.”

ಹೀಗೆ ಎರಡು ದೀಪಗಳು ಒಂದನ್ನೊಂದು ಎಳೆದಾಡಿದರೆ ಅವೆರಡಕ್ಕೂ ಹಂಚಿಕೆಯಾದ ದಾರಿಯಲ್ಲಿ ಅಡಚಣೆ ಇದೆ ಎಂದರ್ಥ. ಒಂದೇ ಲ್ಯಾಂಪಿನೊಳಗಿನ ಬಲ್ಬುಗಳು ಹಂಚಿಕೊಳ್ಳುವುದು ಅರ್ತನ್ನು. ಲ್ಯಾಂಪಿನ ಲೋಹದ ಮೈಯಿಂದ ಬ್ಯಾಟರಿಯ ಪ್ಲಸ್ ಕಂಬಕ್ಕೆ ಅಳೆದೆ. ಟೈಲ್ ಲ್ಯಾಂಪು ಮಾತ್ರ ಉರಿಯುವಾಗ 0.5. ಇಂಡಿಕೇಟರ್ ಹೊತ್ತಿದಾಗ 2.3. ಜೊತೆಗೆ ಬ್ರೇಕನ್ನೂ ಒತ್ತಿದರೆ 3.8. ಟೈಲ್ ಫಿಲಮೆಂಟ್ 5 ವ್ಯಾಟಿನದು, ಅದೊಂದೇ ಇದ್ದಾಗ ಅಡಚಣೆ ಗೊತ್ತಾಗುವುದೇ ಇಲ್ಲ. 21 ವ್ಯಾಟಿನದು ಸೇರಿಕೊಂಡಾಗ ಅದೇ ಸಂದಿಯಲ್ಲಿ ನೂಕುನುಗ್ಗಲು.

ಈ ಕಾರಿನ ಹಿಂದಿನ ಮಡ್‌ಗಾರ್ಡುಗಳು ಬಾಡಿಗೆ ಬೋಲ್ಟಿನಿಂದ ಸೇರಿದವು, ನಡುವೆ ಬೀಡಿಂಗ್ ಇರುತ್ತದೆ. ಲ್ಯಾಂಪು ಕೂರುವುದು ಮಡ್‌ಗಾರ್ಡಿನ ಮೇಲೆ, ಅಡಿಗೆ ರಬ್ಬರ್. ಅಂದರೆ ಅರ್ತ್ ಕರೆಂಟು ಹೋಲ್ಡರಿನಿಂದ ಲ್ಯಾಂಪಿನ ಮೈಗೆ, ಅಲ್ಲಿಂದ ನಟ್ಟುಗಳ ಮೂಲಕ ಮಡ್‌ಗಾರ್ಡಿಗೆ, ಆಮೇಲೆ ಬೋಲ್ಟುಗಳ ಮೂಲಕ ಬಾಡಿಗೆ ದಾಟಬೇಕು. ಬಲಗಡೆಯ ಮಡ್‌ಗಾರ್ಡಿಗೆ ಎಂದೋ ಅಚ್ಚುಕಟ್ಟಾಗಿ ಹೊಸ ಪೇಂಟ್ ಆಗಿತ್ತು. ವಾಷರಿನ ಅಡಿಯಲ್ಲೂ ಪೇಂಟ್, ಬೋಲ್ಟಿನ ರಂಧ್ರದೊಳಗೂ ಪೇಂಟ್. ಆ ಚೆಂದದ ಪೇಂಟನ್ನು ಕೆರೆಯಲು ಮನಸ್ಸಾಗಲಿಲ್ಲ. ಲ್ಯಾಂಪಿನ ಒಳಗಿನ ಸ್ಟಡ್ಡಿನಿಂದ ಡಿಕ್ಕಿಯೊಳಗಿನ ಬಾಡಿ ಬೋಲ್ಟಿಗೆ ಪ್ರತ್ಯೇಕ ಕಪ್ಪು ವೈರು ಎಳೆದೆ, ಎಡಗಡೆಗೂ ಹಾಗೇ. ಎಳೆಯುವ ಮೊದಲು ಕ್ಲಿಪ್ ವೈರಿನಿಂದ ತಾತ್ಕಾಲಿಕವಾಗಿ ಸೇರಿಸಿ ನೋಡಿದ್ದೆ. ಕ್ಲಿಪ್ ಕಚ್ಚಿದ ಕ್ಷಣವೇ ಕೆಂಪು ದೀಪ ಸ್ಥಿರವಾಯಿತು, ಬಲ ಇಂಡಿಕೇಟರಿನ ತಾಳವೂ ಸರಿಹೋಯಿತು. ಹಳೆಯ ಫ್ಲಾಶರ್ ಬಲ್ಬಿನ ಕರೆಂಟಿನಿಂದಲೇ ಬಿಸಿಯಾಗಿ ಮಿಟುಕಿಸುವ ಯಂತ್ರ. ಕರೆಂಟ್ ಕಮ್ಮಿಯಾದರೆ ಅದರ ಲಯ ಕೆಡುತ್ತದೆ, ತಪ್ಪು ಅದರದಲ್ಲ. ಎಲ್‌ಇಡಿ ಬಲ್ಬು ಹಾಕಿದರೂ ಇದೇ ತೊಂದರೆ, ಅದಕ್ಕೇ ಫಿಲಮೆಂಟಿನಲ್ಲೇ ಉಳಿದೆ.

ಇದಕ್ಕೆ ಹತ್ತಿರದ ಇನ್ನೊಂದು ಲಕ್ಷಣವಿದೆ: ಬ್ರೇಕ್ ಒತ್ತಿದರೆ ಸೈಡ್ ಲ್ಯಾಂಪುಗಳೆಲ್ಲ ಹೊತ್ತಿಕೊಳ್ಳುವುದು. ಹಾಗಾದರೆ ಮೊದಲು ಬಲ್ಬು ತೆಗೆದು ನೋಡಬೇಕು. ಎರಡು ಕಾಂಟ್ಯಾಕ್ಟಿನ ಹೋಲ್ಡರಿಗೆ ಒಂದೇ ಕಾಂಟ್ಯಾಕ್ಟಿನ ಬಲ್ಬು ತುರುಕಿದ್ದರೆ ಅದು ಎರಡೂ ವೈರುಗಳನ್ನು ಸೇರಿಸಿಬಿಡುತ್ತದೆ. 21/5 ಬಲ್ಬಿನ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿಲ್ಲದಿರುವುದು ಅದನ್ನು ತಿರುಗಾ ಮುರುಗಾ ಹಾಕದಿರಲಿ ಎಂದೇ.

ಮೂರು ಸಲ ಸುಟ್ಟ ಫ್ಯೂಸ್

ಇನ್ನೊಂದು ಫ್ಯೂಸ್ ಸುಡುವ ಬದಲು, ಫ್ಯೂಸಿನ ಜಾಗದಲ್ಲಿ 21 ವ್ಯಾಟಿನ ಬಲ್ಬನ್ನು ಹೋಲ್ಡರ್ ಸಮೇತ ಸೇರಿಸಿದೆ. ಸೈಡ್, ಟೈಲ್, ನಂಬರ್ ಪ್ಲೇಟ್, ಮೀಟರ್ ದೀಪ ಎಲ್ಲದರ ಬಲ್ಬು ಕಿತ್ತಿಟ್ಟೆ. ಈಗ ಸ್ವಿಚ್ ಹಾಕಿದರೆ ಕರೆಂಟಿಗೆ ಹೋಗಲು ದಾರಿಯೇ ಇಲ್ಲ, ಪರೀಕ್ಷಾ ಬಲ್ಬು ಆರಿರಬೇಕು. ಎಲ್ಲಾದರೂ ವೈರು ಬಾಡಿಗೆ ತಾಗಿದರೆ ಅದು ಪೂರ್ತಿ ಉರಿಯುತ್ತದೆ, ಆದರೆ ತಾನೇ ಕರೆಂಟನ್ನು 2 ಆಂಪಿಯರಿನ ಒಳಗೆ ಹಿಡಿಯುವುದರಿಂದ ಏನೂ ಸುಡುವುದಿಲ್ಲ. ಶಾರ್ಟ್ ಹುಡುಕಲು ಇದಕ್ಕಿಂತ ಸುಲಭದ, ಅಗ್ಗದ ಉಪಾಯ ನನಗೆ ತಿಳಿದಿಲ್ಲ.

ಬಲ್ಬು ಆರಿಯೇ ಇತ್ತು. ಬಾನೆಟ್ ಕೆಳಗಿನ ವೈರು ಅಲ್ಲಾಡಿಸಿದೆ, ಸೀಟಿನ ಕೆಳಗೆ, ಕಾರ್ಪೆಟ್ಟಿನ ಅಂಚಿನಲ್ಲಿ ಒತ್ತಿ ನೋಡಿದೆ. ಡಿಕ್ಕಿ ತೆರೆದೆ, ಮುಚ್ಚಳ ಅರ್ಧಕ್ಕೆ ಬರುವಾಗ ಬಲ್ಬು ಝಗ್ಗೆಂದು ಹೊತ್ತಿತು. ಪೂರ್ತಿ ಎತ್ತಿದಾಗ ಮತ್ತೆ ಆರಿತು. ನಂಬರ್ ಪ್ಲೇಟಿನ ದೀಪಕ್ಕೆ ಹೋಗುವ ವೈರು ಕೀಲಿನ ಹತ್ತಿರ ತಗಡಿನ ರಂಧ್ರ ದಾಟುವಲ್ಲಿ ರಬ್ಬರ್ ಗ್ರೊಮೆಟ್ ಪುಡಿಯಾಗಿ ಉದುರಿತ್ತು. ಬರಿಯ ತಗಡಿನ ಅಂಚು ಪ್ರತಿ ಸಲ ಡಿಕ್ಕಿ ತೆರೆದಾಗಲೂ ವೈರನ್ನು ಸ್ವಲ್ಪ ಸ್ವಲ್ಪವೇ ಕೊಯ್ದಿತ್ತು. ಸಾಮಾನು ಇಟ್ಟು ಹೊರಟ ದಿನವೇ ಫ್ಯೂಸ್ ಹೋಗುತ್ತಿದ್ದದ್ದು ಆಗ ನೆನಪಿಗೆ ಬಂತು. ಆ ತುಂಡು ವೈರು ಹೊಸದು, ಗ್ರೊಮೆಟ್ ಹೊಸದು.

ಬ್ರೇಕ್ ಲೈಟಿನ ಸ್ವಿಚ್ ಬ್ರೇಕ್ ಆಯಿಲಿನ ಒತ್ತಡದಿಂದ ಕೆಲಸ ಮಾಡುವಂಥದ್ದು. ಮೆಲ್ಲಗೆ ಒತ್ತಿದಾಗ ಅದರ ಆಚೀಚೆ ಪೂರ್ತಿ 12 ವೋಲ್ಟ್, ಗಟ್ಟಿಯಾಗಿ ಒತ್ತಿದಾಗ 2. ಬದಲಿಸಿ, ಲೈನಿನ ಗಾಳಿ ತೆಗೆದೆ. ಫ್ಯೂಸ್ ಬಾಕ್ಸಿನಲ್ಲಿ ಒಂದು ಗಾಜಿನ ಫ್ಯೂಸ್ ಮೇಲೆ 35 ಎಂದಿತ್ತು, ಆದರೆ ಅದು ಸತತವಾಗಿ 35 ಆಂಪಿಯರ್ ತಡೆಯುವ ಬಗೆ. ಹಳೆಯ ಬ್ರಿಟಿಷ್ ಗಾಜಿನ ಫ್ಯೂಸಿನ 35 ಎಂದರೆ ಅದು ಸುಟ್ಟುಹೋಗುವ ಅಂಕಿ, ಸತತ ಹೊರುವುದು 17. ಅಂಕಿ ಒಂದೇ ಕಂಡರೂ ವೈರಿಗೆ ಸಿಗುವ ರಕ್ಷಣೆ ಅರ್ಧ. ಸರಿಯಾದದ್ದು ಹಾಕಿದೆ.

ಕೊನೆಯ ಶನಿವಾರ ಎಂಜಿನ್ ಚಾಲೂ ಇಟ್ಟು, ಎಲ್ಲ ದೀಪ ಹಾಕಿ ಅಳೆದೆ. ಡೈನಮೊ ಹೆಚ್ಚೆಂದರೆ 22 ಆಂಪಿಯರ್ ಕೊಡುವಂಥದ್ದು, ಐಡ್ಲಿಂಗಿನಲ್ಲಿ ಅಷ್ಟೂ ಇಲ್ಲ. ಆಗ ದೀಪಗಳು ಬ್ಯಾಟರಿಯಿಂದಲೇ ಉಣ್ಣುತ್ತವೆ, ತುಸು ಇಳಿಯುತ್ತವೆ, ಅದು ಈ ಕಾರಿನ ಸ್ವಭಾವ. 100 ವ್ಯಾಟಿನ ಬಲ್ಬು ಹಾಕಿದರೆ ಹೈ ಬೀಮಿಗೇ 17 ಆಂಪಿಯರ್ ಬೇಕು, ವೈಪರಿಗೂ ಬ್ಯಾಟರಿ ಚಾರ್ಜಿಗೂ ಏನೂ ಮಿಗದು. ಅದರ ಆಸೆ ಬಿಟ್ಟಿದ್ದೇನೆ. ವೇಗ ಸ್ವಲ್ಪ ಏರಿಸಿದಾಗ ಎಡ ಲ್ಯಾಂಪಿನಲ್ಲಿ 13.1, ಬಲದಲ್ಲಿ 13.1. ಗೋಡೆಯೆದುರು ಬಲ ಲ್ಯಾಂಪಿನ ಬೆಳಕಿನ ಎತ್ತರ ಹೊಂದಿಸಿದೆ. ಎಡ ಲ್ಯಾಂಪಿನ ಮೇಲಿನ ಸ್ಕ್ರೂ ತುಕ್ಕಿನಿಂದ ತಿರುಗಲಿಲ್ಲ, ಎಣ್ಣೆ ಬಿಟ್ಟು ರಾತ್ರಿಯೆಲ್ಲ ನೆನೆಯಲು ಇಟ್ಟಿದ್ದೇನೆ.